ಗೋಡೆ ತಿಂದ ಮಾತು

ಮುಂಬಯಿಯ ಹೊಸ ಟವರುಗಳಲ್ಲಿ ವಾಸಿಸುವ ಕನ್ನಡಿಗರು ದಿನಕ್ಕೆ ಅತಿ ಹೆಚ್ಚು ಸಲ ಆಡುವ ವಾಕ್ಯ ಯಾವುದು ಎಂದು ಯಾರಾದರೂ ಲೆಕ್ಕ ಇಟ್ಟರೆ, "ಹಲೋ, ಕೇಳಿಸ್ತಾ ಇದೆಯಾ?" ಎಂಬುದಕ್ಕೇ ಮೊದಲ ಸ್ಥಾನ ಸಿಗಬಹುದು. ಎರಡನೆಯದು, "ಒಂದ್ ನಿಮಿಷ, ಹೊರಗೆ ಬರ್ತೀನಿ." ಕೋಟಿಗಟ್ಟಲೆ ಬೆಲೆಬಾಳುವ ಫ್ಲ್ಯಾಟಿನ ಯಜಮಾನ ಬನಿಯನ್ನಿನಲ್ಲೇ ಲಿಫ್ಟ್ ಲಾಬಿಯಲ್ಲಿ ನಿಂತು ಬ್ಯಾಂಕಿನವರ ಜೊತೆ ಮಾತಾಡುವ ದೃಶ್ಯ ಈಗ ಯಾವ ಉಪನಗರದಲ್ಲೂ ಹೊಸದಲ್ಲ. ಅದೇ ಮನುಷ್ಯ ಹತ್ತು ವರ್ಷದ ಹಿಂದೆ ಪಾಯಖಾನೆಗೂ ಸರದಿ ನಿಲ್ಲಬೇಕಿದ್ದ ಚಾಳಿನಲ್ಲಿ ಕೂತು ಊರಿನವರ ಜೊತೆ ಆರಾಮಾಗಿ ಹರಟುತ್ತಿದ್ದ.

ನನ್ನ ಉದ್ಯೋಗ ಈ ವಿಷಯಕ್ಕೇ ಅಂಟಿಕೊಂಡಿರುವುದರಿಂದ, ಸಿಕ್ಕಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಟವರ್ ಎದುರಿಗೇ ಕಾಣ್ತದೆ ಮಾರಾಯ್ರೇ, ಮನೆಯೊಳಗೆ ಯಾಕೆ ಸಿಗ್ನಲ್ ಇಲ್ಲ?" ಕಟ್ಟಡ ಇನ್ನೂ ನಕ್ಷೆಯಲ್ಲಿರುವಾಗಲೇ ಅದರ ಯಾವ ಕೋಣೆಯಲ್ಲಿ ರೇಡಿಯೊ ತರಂಗ ಎಷ್ಟು ಉಳಿದೀತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಈ ಸಲದ ಅಂಕಣ ಆ ಲೆಕ್ಕದ ಬಗ್ಗೆ. ರೀಡೆವಲಪ್‌ಮೆಂಟ್ ಕರಾರಿಗೆ ಸಹಿ ಹಾಕಲು ಕೂತಿರುವವರು ದಯವಿಟ್ಟು ಕೊನೆಯವರೆಗೆ ಓದಿ.

ಲೆಕ್ಕದ ಮೊದಲ ಪಾಠ ಡೆಸಿಬಲ್. ಹೆದರುವಂಥದ್ದೇನಲ್ಲ. ಗೋಡೆಯನ್ನು ಒಬ್ಬ ದಲಾಲಿ ಅಂದುಕೊಳ್ಳಿ. ಅವನು ಇಷ್ಟು ರೂಪಾಯಿ ಎಂದು ಕೇಳುವುದಿಲ್ಲ, ಬಂದದ್ದರಲ್ಲಿ ಇಷ್ಟು ಪಾಲು ಎಂದು ಕೇಳುತ್ತಾನೆ. 3 ಡೆಸಿಬಲ್ ನಷ್ಟ ಎಂದರೆ ಅರ್ಧ ಹೋಯಿತು. 10 ಡೆಸಿಬಲ್ ಎಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು, 20 ಎಂದರೆ ನೂರರಲ್ಲಿ ಒಂದು, 30 ಎಂದರೆ ಸಾವಿರದಲ್ಲಿ ಒಂದು. ಸಾಲಾಗಿ ನಾಲ್ಕು ದಲಾಲಿಗಳಿದ್ದರೆ ಡೆಸಿಬಲ್‌ಗಳನ್ನು ಕೂಡಿಸಿದರೆ ಆಯಿತು. ಬಯಲಲ್ಲೂ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಹೋಗುತ್ತದೆ. ಅದಕ್ಕೆ ಯಾರೂ ಹೊಣೆಯಲ್ಲ, ತರಂಗ ಹರಡಿಕೊಳ್ಳುವ ರೀತಿಯೇ ಅದು.

ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಒಳಗೆ 'ಸಿಮ್ ಸ್ಟೇಟಸ್' ಎಂಬಲ್ಲಿ ಹುಡುಕಿದರೆ ಒಂದು ಋಣ ಸಂಖ್ಯೆ ಸಿಗುತ್ತದೆ. 4ಜಿಯಲ್ಲಿ ಅದು -85ರ ಹತ್ತಿರ ಇದ್ದರೆ ಸೊಗಸು. -100 ಇದ್ದರೂ ಬದುಕಬಹುದು. -115 ದಾಟಿದರೆ ಮಾತು ತುಂಡಾಗುತ್ತದೆ, -120ರ ಆಚೆ ಫೋನ್ ಕೈಚೆಲ್ಲುತ್ತದೆ. -120 ಎಂದರೆ ಒಂದು ವ್ಯಾಟ್‌ನ ಹತ್ತು ಕೋಟಿ ಕೋಟಿ ಪಾಲಿನಲ್ಲಿ ಒಂದು. ಅಷ್ಟು ಸಣ್ಣ ಪಿಸುಮಾತನ್ನೂ ಕೇಳಿಸಿಕೊಳ್ಳುವ ಯಂತ್ರ ನಮ್ಮ ಜೇಬಿನಲ್ಲಿದೆ ಎಂಬುದೇ ಆಶ್ಚರ್ಯ. ಅದು ಸೋತಿದೆ ಎಂದರೆ ಮಧ್ಯೆ ದಲಾಲಿಗಳು ಎಷ್ಟು ತಿಂದಿರಬೇಕು, ಯೋಚಿಸಿ.

ಈಗ ಮುಂಬಯಿಯ ಮನೆಗಳಿಗೆ ಬರೋಣ. ಹೊರಗಿನಿಂದ ಕಟ್ಟಡದೊಳಗೆ ಬರುವಾಗ ಆಗುವ ನಷ್ಟಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ಸೂತ್ರವನ್ನೇ ಕೊಟ್ಟಿದೆ. ಬೇರೆಬೇರೆ ದೇಶಗಳಲ್ಲಿ ಅಳೆದ ಅಂಕಿಗಳಿಂದ ಕಟ್ಟಿದ ಆ ಸೂತ್ರ ಕಟ್ಟಡಗಳನ್ನು ಎರಡೇ ಜಾತಿಯಾಗಿ ವಿಂಗಡಿಸುತ್ತದೆ: ಮಾಮೂಲಿ ಕಟ್ಟಡ, ಮತ್ತು ಶಾಖ ಒಳಬರದಂತೆ ಲೋಹದ ತೆಳುಪೊರೆಯ ಗಾಜು ಮೊದಲಾದುವನ್ನು ಹಾಕಿದ ಆಧುನಿಕ ಕಟ್ಟಡ. 2 ಗಿಗಾಹರ್ಟ್ಸ್ ಆವರ್ತನದಲ್ಲಿ ಮೊದಲನೆಯದರ ಮಧ್ಯಮ ನಷ್ಟ ಸುಮಾರು 14 ಡೆಸಿಬಲ್. ಎರಡನೆಯದರದು ಸುಮಾರು 28. ಅಂದರೆ ಹಳೆಯ ಮನೆಯೊಳಗೆ ಇಪ್ಪತ್ತೈದರಲ್ಲಿ ಒಂದು ಪಾಲು ಬರುತ್ತದೆ, ಹೊಳೆಯುವ ಗಾಜಿನ ಮನೆಯೊಳಗೆ ಆರುನೂರರಲ್ಲಿ ಒಂದು ಪಾಲು. ಏಸಿ ಬಿಲ್ ಉಳಿಸುವ ಗಾಜಿನಲ್ಲಿರುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ. ಬೆಳಕು ದಾಟುತ್ತದೆ, ಶಾಖ ವಾಪಸು ಹೋಗುತ್ತದೆ, ಅದರ ಜೊತೆ ಫೋನಿನ ತರಂಗವೂ ವಾಪಸು ಹೋಗುತ್ತದೆ.

ಬೀದಿಯಲ್ಲಿ -85 ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಹಳೆಯ ಮನೆಯ ನಡುಮನೆಯಲ್ಲಿ -99. ಒಳಗಿನ ಬಚ್ಚಲಿಗೆ ಇನ್ನೊಂದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ದಾಟಿದರೆ ಮತ್ತೆ 3 ಹೋಗಿ -102. ಫೋನ್ ನಡೆಯುತ್ತದೆ. ಹೊಸ ಮನೆಯಲ್ಲಿ ನಡುಮನೆಗೇ -113. ಅದರ ಬಚ್ಚಲಿಗೆ ಒಂದು ಆರು ಇಂಚಿನ ಕಾಂಕ್ರೀಟ್ ಗೋಡೆ ಎಂದರೆ ಇನ್ನೂ 8ರಿಂದ 10 ಹೋಗಿ -122. ಫೋನ್ ಸತ್ತಿತು. ಟವರ್ ಅದೇ, ಬೀದಿ ಅದೇ, ಕಂಪನಿಯೂ ಅದೇ. ಬದಲಾದದ್ದು ಮನೆ ಮಾತ್ರ.

ಇಲ್ಲಿ ಗೋಡೆ ಯಾವುದರದು ಎಂಬುದರ ಜೊತೆಗೆ ಗೋಡೆ ಎಲ್ಲಿದೆ ಎಂಬುದೂ ಮುಖ್ಯ. ವರಳಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿ 1920ರ ದಶಕದಲ್ಲಿ ಕಟ್ಟಿದ 207 ಬಿಡಿಡಿ ಚಾಳುಗಳು ಕಾಂಕ್ರೀಟಿನವೇ. ಆದರೆ ಅಲ್ಲಿಯ ಖೋಲಿ 160 ಚದರಡಿ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಕಾರಿಡಾರಿಗೆ ಸದಾ ತೆರೆದ ಬಾಗಿಲು. ಯಾವ ಮೂಲೆಯಲ್ಲಿ ನಿಂತರೂ ಬಯಲು ಹತ್ತು ಹೆಜ್ಜೆಯೊಳಗೆ. ಅದೇ ಕುಟುಂಬಕ್ಕೆ ಈಗ ನಲವತ್ತು ಮಹಡಿಯ ಟವರಿನಲ್ಲಿ 500 ಚದರಡಿಯ ಮನೆ ಸಿಗುತ್ತಿದೆ. ಬಾಗಿಲು ಮುಚ್ಚಿಕೊಳ್ಳುವ ಸುಖ, ಸ್ವಂತ ಪಾಯಖಾನೆಯ ಮರ್ಯಾದೆ ಎರಡೂ ಸಿಕ್ಕಿವೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಕೋಣೆಗಳು ಹೆಚ್ಚಾದಂತೆ ಬಯಲು ದೂರವಾಯಿತು. ಆ ದೂರದ ಲೆಕ್ಕವನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಗೋಡೆ ದಾಟುವ ತರಂಗದ ಕುತೂಹಲ ನಮ್ಮ ದೇಶಕ್ಕೆ ಹೊಸದೇನಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕೋಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯಾಚೆಯಿಂದ ತರಂಗ ಕಳಿಸಿ ಗಂಟೆ ಬಾರಿಸಿ, ಮದ್ದಿಗೆ ಬೆಂಕಿ ಹೊತ್ತಿಸಿ ತೋರಿಸಿದರು. ಮುಂಬಯಿಯಲ್ಲಿ ರೇಡಿಯೊ ಕೇಂದ್ರ ಶುರುವಾದದ್ದು 1927ರ ಜುಲೈ 23ರಂದು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ನಡೆಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದದ್ದು ನಮಗೆಲ್ಲ ಗೊತ್ತು. ಆ ಕಾಲದ ಮೀಡಿಯಂ ವೇವ್ ತರಂಗದ ಉದ್ದ ಮುನ್ನೂರು ಮೀಟರಿನಷ್ಟು. ಅದರ ಎದುರು ಒಂದು ಇಟ್ಟಿಗೆ ಗೋಡೆ ಸಮುದ್ರದಲೆಗೆ ಅಡ್ಡ ನೆಟ್ಟ ಕೋಲಿನಂತೆ. ಒಳಮನೆಯಲ್ಲೂ ರೇಡಿಯೊ ಹಾಡುತ್ತಿತ್ತು, ಯಾರೂ ಗೋಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮೊಬೈಲಿನ 900 ಮೆಗಾಹರ್ಟ್ಸ್ ತರಂಗದ ಉದ್ದ 33 ಸೆಂಟಿಮೀಟರ್. ಈಗ 5ಜಿ ಹೆಚ್ಚಾಗಿ ಓಡುವ 3.5 ಗಿಗಾಹರ್ಟ್ಸಿನದು ಎಂಟೂವರೆ ಸೆಂಟಿಮೀಟರ್, ಒಂದು ಬೆರಳುದ್ದ. 2 ಗಿಗಾಹರ್ಟ್ಸಿನಲ್ಲಿ 8 ಡೆಸಿಬಲ್ ತಿನ್ನುವ ಕಾಂಕ್ರೀಟ್ ಗೋಡೆ ಈ ಬೆರಳುದ್ದದ ತರಂಗದಲ್ಲಿ 10ರಿಂದ 14ರವರೆಗೆ ತಿನ್ನುತ್ತದೆ.

ಒಳಾಂಗಣದ ಲೆಕ್ಕ ಶಾಸ್ತ್ರವಾಗಿ ಬೆಳೆದದ್ದು 1980ರ ದಶಕದ ನಂತರ. 1987ರಲ್ಲಿ ಬೆಲ್ ಲ್ಯಾಬ್ಸಿನ ಸಾಲೇ ಮತ್ತು ವ್ಯಾಲೆಂಜುವೆಲಾ, ಕಟ್ಟಡದೊಳಗೆ ತರಂಗವೊಂದು ಗೋಡೆಯಿಂದ ಗೋಡೆಗೆ ಬಡಿದು ಗುಂಪುಗುಂಪಾಗಿ ತಡವಾಗಿ ಬಂದು ತಲುಪುವ ಬಗೆಯನ್ನು ವಿವರಿಸಿದರು. 1992ರಲ್ಲಿ ಸೈಡೆಲ್ ಮತ್ತು ರ‍್ಯಾಪಪೋರ್ಟ್ ಅಮೆರಿಕದ ಎರಡು ಅಂಗಡಿ, ಎರಡು ಆಫೀಸು ಕಟ್ಟಡಗಳಲ್ಲಿ ಅಳೆದ ಅಂಕಿಗಳನ್ನು ಪ್ರಕಟಿಸಿದರು. ಅದರಲ್ಲಿ ನನಗೆ ಇಂದಿಗೂ ಇಷ್ಟವಾಗುವ ಒಂದು ಸಾಲು ಅಂಕಿಗಳಿವೆ. ಒಂದು ಆಫೀಸು ಕಟ್ಟಡದಲ್ಲಿ ಒಂದು ಮಹಡಿ ದಾಟಿದಾಗ ನಷ್ಟ ಸುಮಾರು 13 ಡೆಸಿಬಲ್, ಎರಡು ದಾಟಿದಾಗ 19, ಮೂರಕ್ಕೆ 24, ನಾಲ್ಕಕ್ಕೆ 27. ಪ್ರತಿ ಸ್ಲ್ಯಾಬೂ ಒಂದೇ ಸಮ ತಿನ್ನುವುದಾದರೆ ನಾಲ್ಕಕ್ಕೆ 52 ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ತರಂಗ ಸ್ಲ್ಯಾಬ್ ಕೊರೆಯುತ್ತ ಕೂರುವುದಿಲ್ಲ. ಕಿಟಕಿಯಿಂದ ಹೊರಗೆ ಹೋಗಿ, ಎದುರು ಕಟ್ಟಡಕ್ಕೆ ಬಡಿದು, ಮೇಲಿನ ಮಹಡಿಯ ಕಿಟಕಿಯಿಂದ ಒಳಗೆ ಬರುತ್ತದೆ. ಮೆಟ್ಟಿಲ ದಾರಿ ಹಿಡಿಯುತ್ತದೆ. ಹತ್ತು ಗಂಟೆಯ ಲೋಕಲ್‌ನಲ್ಲಿ ಅಂಧೇರಿಗೆ ಹೋಗಲಾಗದವನು ದಾದರಿನಲ್ಲಿ ಇಳಿದು ಬಸ್ಸು ಹಿಡಿಯುವ ಹಾಗೆ.

ಈ ಕಾರಣಕ್ಕೇ ಫೋನನ್ನು ನಾಲ್ಕು ಬೆರಳು ಆಚೀಚೆ ಸರಿಸಿದರೆ ಸಿಗ್ನಲ್ ಬಂದು ಹೋಗುವುದು. ಬೇರೆಬೇರೆ ದಾರಿಯಿಂದ ಬಂದ ಅದೇ ತರಂಗದ ತುಣುಕುಗಳು ಒಂದು ಜಾಗದಲ್ಲಿ ಕೈಜೋಡಿಸುತ್ತವೆ, ಅರ್ಧ ತರಂಗದಷ್ಟು ಪಕ್ಕದಲ್ಲಿ ಒಂದನ್ನೊಂದು ಅಳಿಸುತ್ತವೆ. 2100 ಮೆಗಾಹರ್ಟ್ಸಿನಲ್ಲಿ ಅರ್ಧ ತರಂಗ ಎಂದರೆ ಏಳು ಸೆಂಟಿಮೀಟರ್. ಅಜ್ಜಿ "ಈ ಕಪಾಟಿನ ಮೂಲೆಯಲ್ಲಿ ಇಟ್ಟರೆ ಮಾತ್ರ ಬರ್ತದೆ" ಎಂದರೆ ನಗಬೇಡಿ. ಅಜ್ಜಿ ಅಳತೆ ಮಾಡಿಯೇ ಹೇಳಿದ್ದು.

ಹಾಗಾದರೆ ಕಟ್ಟುವ ಮೊದಲೇ ಹೇಳುವುದು ಹೇಗೆ? ಎರಡು ದಾರಿಗಳಿವೆ. ಸರಳವಾದದ್ದು ಗೋಡೆ ಎಣಿಸುವ ದಾರಿ: ನಕ್ಷೆಯ ಮೇಲೆ ಗೆರೆ ಎಳೆದು, ಅಡ್ಡ ಬಂದ ಇಟ್ಟಿಗೆ, ಕಾಂಕ್ರೀಟ್, ಗಾಜುಗಳಿಗೆ ತಲಾ ಇಷ್ಟು ಡೆಸಿಬಲ್ ಎಂದು ಕಳೆಯುವುದು. ಎರಡನೆಯದು ಕಟ್ಟಡದ ಮೂರು ಆಯಾಮದ ಮಾದರಿ ಮಾಡಿ, ಕಂಪ್ಯೂಟರಿನಲ್ಲಿ ಸಾವಿರಾರು ಕಿರಣಗಳನ್ನು ಎಸೆದು, ಅವು ಬಡಿಯುವ, ಬಾಗುವ, ನುಸುಳುವ ದಾರಿಗಳನ್ನು ಹಿಂಬಾಲಿಸುವುದು. ಕೊನೆಗೆ ಕೆಂಪು-ಹಸಿರು ಬಣ್ಣದ ಒಂದು ನಕ್ಷೆ ಬರುತ್ತದೆ. ನೋಡಲು ಬಹಳ ಚೆಂದ. ಆ ಚೆಂದಕ್ಕೆ ಮರುಳಾಗಬಾರದು. 1992ರ ಆ ಪ್ರಬಂಧದಲ್ಲಿ ಗೋಡೆ, ಮಹಡಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಊಹೆಗೂ ಅಳತೆಗೂ ನಡುವಿನ ವ್ಯತ್ಯಾಸದ ಪ್ರಮಾಣ 5.8 ಡೆಸಿಬಲ್ ಇತ್ತು. ಅಂದರೆ ಲೆಕ್ಕ ಸರಿಯಿದ್ದರೂ ಶಕ್ತಿ ನಾಲ್ಕು ಪಟ್ಟು ಆಚೀಚೆ ಆಗುವುದು ಸಾಮಾನ್ಯ. ನಮ್ಮ ಶಾಸ್ತ್ರ ಪಂಚಾಂಗದ ಮಳೆ ನಕ್ಷತ್ರದಂತಲ್ಲ ನಿಜ, ಆದರೆ ಗಡಿಯಾರದಂತೆಯೂ ಅಲ್ಲ. ಹಾಗಾಗಿ ಅನುಭವವಿರುವವರು 10 ಡೆಸಿಬಲ್‌ನಷ್ಟು ಗಂಟು ಕಟ್ಟಿ ಪಕ್ಕಕ್ಕಿಟ್ಟೇ ಮುಂದಿನ ಮಾತಾಡುವುದು.

ಅದಕ್ಕಿಂತ ದೊಡ್ಡ ತೊಂದರೆ ನಕ್ಷೆಯೇ ಸುಳ್ಳು ಹೇಳುವುದು. ಉಪನಗರದ ಒಂದು ಸೈಟಿನಲ್ಲಿ ನನ್ನ ಕೈಗೆ ಬಂದ ನಕ್ಷೆಯಲ್ಲಿ ಒಳಗೋಡೆಗಳೆಲ್ಲ ಹಗುರ ಬ್ಲಾಕಿನವು ಎಂದಿತ್ತು. ಐದನೆಯ ಮಹಡಿಯಲ್ಲಿ ಫೋನ್ ಹಿಡಿದು ಅಡ್ಡಾಡುತ್ತಿದ್ದಾಗ ಅಂಕಿಗಳು ಬ್ಲಾಕಿನ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಕೆಲಸಗಾರರ ಮಾತು ಕಿವಿಗೆ ಬಿತ್ತು. ಯಾದಗಿರಿ ಕಡೆಯವರು. ಮುಂಬಯಿಯ ಅರ್ಧ ಕಟ್ಟಡಗಳಲ್ಲಿ ಈ ಕನ್ನಡ ಕೇಳಿಸುತ್ತದೆ, ಕಟ್ಟಿ ಮುಗಿದ ಮೇಲೆ ಅಲ್ಲಿ ಉಳಿಯುವುದಿಲ್ಲ. ಗೋಡೆ ಯಾವುದರದು ಎಂದು ಕೇಳಿದೆ. "ಇದ್ರಾಗ ಇಟ್ಟಂಗಿನೂ ಇಲ್ಲ, ಬ್ಲಾಕೂ ಇಲ್ರೀ ಸಾಹೇಬ್ರ. ಅಲ್ಯೂಮಿನಮ್ ಹಲಗಿ ನಿಂದ್ರಿಸಿ ಪೂರಾ ಕಾಂಕ್ರೀಟ ಸುರಿವಿದ್ದು. ಒಳಗ ಸರಳು ಜಾಳಗಿ ಹಂಗ ಐತಿ" ಎಂದ ಒಬ್ಬ. ಮಿವಾನ್ ಎಂದು ಬಿಲ್ಡರುಗಳು ಕರೆಯುವ ಪದ್ಧತಿ ಅದು. ವಾರಕ್ಕೊಂದು ಮಹಡಿ ಏಳುತ್ತದೆ, ಗೋಡೆ ನೆಟ್ಟಗೆ ಬರುತ್ತದೆ, ಪ್ಲಾಸ್ಟರ್ ಉಳಿಯುತ್ತದೆ. ಬಿಲ್ಡರಿಗೂ ಲಾಭ, ಭೂಕಂಪಕ್ಕೂ ಗಟ್ಟಿ. ಆದರೆ ಮಲಗುವ ಕೋಣೆಗೂ ಅಡುಗೆಮನೆಗೂ ನಡುವೆ ಮೊದಲು ಇಟ್ಟಿಗೆ ಇದ್ದಲ್ಲಿ ಈಗ ಕಬ್ಬಿಣದ ಜಾಲವಿರುವ ಕಾಂಕ್ರೀಟ್. ನಕ್ಷೆ ತಿದ್ದಿಸಿ ಲೆಕ್ಕ ಮತ್ತೆ ಹಾಕಿದೆವು. ಆ ಕಟ್ಟಡದ ಸಿಗ್ನಲ್ ಬಗ್ಗೆ ನನಗೆ ಸಿಕ್ಕ ಅತ್ಯಂತ ನಿಖರ ಮಾಹಿತಿ, ಬುತ್ತಿ ಬಿಚ್ಚಿ ಕೂತಿದ್ದ ಆ ಮನುಷ್ಯನದು.

ಜನ ಸಾಮಾನ್ಯವಾಗಿ ಬೈಯುವುದು ಮಳೆಯನ್ನು. ಪಾಪ, ಮಳೆಯ ತಪ್ಪಿಲ್ಲ. ಮೊಬೈಲ್ ಆವರ್ತನಗಳಲ್ಲಿ ಮುಂಬಯಿಯ ಜುಲೈ ಮಳೆಯೂ ದಾರಿಯಲ್ಲಿ ತಿನ್ನುವುದು ನಗಣ್ಯ. ಅದಕ್ಕಿಂತ, ಮಳೆಗೆಂದು ಟೆರೇಸಿನ ಮೇಲೆ ಹಾಕುವ ತಗಡಿನ ಪತ್ರಾ ಮೇಲಿನಿಂದ ಬರುವ ತರಂಗವನ್ನು ಪೂರ್ತಿ ತಡೆಯುತ್ತದೆ. ನೀಲಿ ತಾಡಪಾಲು ಏನೂ ಮಾಡುವುದಿಲ್ಲ, ಅದು ಪ್ಲಾಸ್ಟಿಕ್. ಕಿಟಕಿಯ ಗ್ರಿಲ್ಲಿನದು ಇನ್ನೂ ತಮಾಷೆ. ಗೋಡೆಯನ್ನು ಸುಲಭವಾಗಿ ದಾಟುವುದು ಉದ್ದ ತರಂಗ. ಗ್ರಿಲ್ಲಿನ ಕಿಂಡಿಯಲ್ಲಿ ತೂರುವುದು ಗಿಡ್ಡ ತರಂಗ. ನಾಲ್ಕು ಇಂಚಿನ ಚೌಕದ ಗ್ರಿಲ್ 33 ಸೆಂಟಿಮೀಟರಿನ ತರಂಗವನ್ನು ಸಾಕಷ್ಟು ಹಿಂದೆ ತಳ್ಳುತ್ತದೆ, 5ಜಿಯ ಬೆರಳುದ್ದದ ತರಂಗವನ್ನು ಬಹುಪಾಲು ಬಿಟ್ಟುಬಿಡುತ್ತದೆ. ಲಿಫ್ಟಂತೂ ಉಕ್ಕಿನ ಡಬ್ಬಿ. ಬಾಗಿಲ ಸಂದಿಯಲ್ಲಿ ಏನು ನುಸುಳಿತೋ ಅಷ್ಟೆ.

ಎತ್ತರದ ಮಹಡಿಯವರ ಕಷ್ಟ ಬೇರೆ. ಮೂವತ್ತೈದನೆಯ ಮಹಡಿಯ ಬಾಲ್ಕನಿಯಲ್ಲಿ ಫೋನ್ ಪೂರ್ತಿ ಕಡ್ಡಿ ತೋರಿಸುತ್ತದೆ, ಆದರೂ ವಿಡಿಯೊ ತಿರುಗುತ್ತಲೇ ಇರುತ್ತದೆ. ಟವರುಗಳ ಆಂಟೆನಾಗಳನ್ನು ಬೀದಿಯ ಕಡೆಗೆ ಬಾಗಿಸಿರುತ್ತಾರೆ. ಅಷ್ಟು ಮೇಲೆ ಯಾರೂ ಗುರಿಯಿಟ್ಟು ಮಾತಾಡುವುದಿಲ್ಲ, ಆದರೆ ಅಡ್ಡ ಇಲ್ಲದ ಕಾರಣ ದೂರದೂರದ ಹತ್ತಾರು ಟವರುಗಳ ದನಿ ಒಂದೇ ಗಟ್ಟಿಯಾಗಿ ಕೇಳಿಸುತ್ತದೆ. ದಾದರ್ ಹೂಮಾರ್ಕೆಟ್ಟಿನಲ್ಲಿ ನಿಂತವನಿಗೆ ಎಲ್ಲರೂ ಕೂಗುವುದು ಕೇಳುತ್ತದೆ, ಯಾರು ಏನು ದರ ಹೇಳಿದರೆಂದು ತಿಳಿಯುವುದಿಲ್ಲ. ಕಡ್ಡಿಗಳು ಗದ್ದಲವನ್ನೂ ಸೇರಿಸಿ ತೋರಿಸುತ್ತಿರುತ್ತವೆ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಇದು ವಿಡಿಯೊ ತಿರುಗುವ ಕಷ್ಟವಷ್ಟೇ ಆಗಿದ್ದರೆ ಈ ಅಂಕಣದ ಜಾಗ ಹಾಳು ಮಾಡುತ್ತಿರಲಿಲ್ಲ. ಚೆಂಬೂರಿನಲ್ಲಿ ನನಗೆ ಪರಿಚಯದ ಒಬ್ಬ ಅಮ್ಮ ಇದ್ದಾರೆ. ಎಂಬತ್ತರ ಹತ್ತಿರದವರು. ಗಂಡ ಹೋದ ಮೇಲೆ ಮಗನ ಜೊತೆ ರೀಡೆವಲಪ್ ಆದ ಮನೆಯಲ್ಲಿ ವಾಸ. ಮಗ-ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತು. ಹಳೆಯ ಕಟ್ಟಡದಲ್ಲಿ ಪಕ್ಕದಲ್ಲೇ ಎರಡು ಕನ್ನಡದ ಮನೆಗಳಿದ್ದವು. ಅವರು ಬಾಡಿಗೆ ಹಣ ತೆಗೆದುಕೊಂಡು ಡೊಂಬಿವಲಿಗೆ ಹೋದವರು ಅಲ್ಲೇ ಉಳಿದರು. ಈಗ ಈ ಅಮ್ಮನಿಗೆ ದಿನದಲ್ಲಿ ಕನ್ನಡ ಮಾತು ಎಂದರೆ ಕಾರ್ಕಳದ ತಂಗಿಯ ಜೊತೆ ಮಧ್ಯಾಹ್ನದ ಒಂದು ಫೋನು. ಮನೆಯೊಳಗೆ ಸಿಗ್ನಲ್ ಇಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು ಲಿಫ್ಟಿನ ಎದುರು ಕೂತು ಮಾತಾಡುತ್ತಾರೆ. ಬಂದುಹೋಗುವವರ ಎದುರು ಮನೆಯ ಮಾತು ಆಡಲಾಗುವುದಿಲ್ಲ ಎಂದು ಮಾತು ದಿನೇದಿನೇ ಗಿಡ್ಡವಾಗುತ್ತಿದೆಯಂತೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿತು. ಫೋನ್ ಸೆರಗಿನಲ್ಲೇ ಇತ್ತು. ಕರೆ ಹೋಗಲಿಲ್ಲ. ಕೆಲಸದ ಹೆಂಗಸು ಬರುವವರೆಗೆ ನೆಲದ ಮೇಲೇ ಇದ್ದರು. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ನಾನು ಆ ಬಚ್ಚಲಲ್ಲಿ ನಿಂತು ನೋಡಿದಾಗ ಫೋನ್ ತೋರಿಸಿದ್ದು -121. ನಕ್ಷೆ ನೋಡಿ ಯಾರಾದರೂ ಹತ್ತು ನಿಮಿಷದಲ್ಲಿ ಮೊದಲೇ ಹೇಳಬಹುದಾಗಿದ್ದ ಅಂಕಿ ಅದು.

ಅವರ ಮನೆಗೆ ತಾತ್ಕಾಲಿಕ ಮದ್ದು ವೈಫೈ ಕಾಲಿಂಗ್. 2019ರ ಕೊನೆಯಿಂದ ನಮ್ಮ ದೇಶದಲ್ಲೂ ಬಂದಿದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ಮಾಮೂಲಿ ಕರೆಯೇ ಮನೆಯ ವೈಫೈ ಮೂಲಕ ಹೋಗುತ್ತದೆ. ರೌಟರನ್ನು ಟೀವಿಯ ಹಿಂದೆ, ಫ್ರಿಜ್ಜಿನ ಪಕ್ಕ, ಕನ್ನಡಿ ಕಪಾಟಿನೊಳಗೆ ಇಡದೆ ಮನೆಯ ನಡುಭಾಗದಲ್ಲಿ ಎದೆಯೆತ್ತರಕ್ಕೆ ಇಡಿ. 2.4 ಗಿಗಾಹರ್ಟ್ಸ್ ಗೋಡೆ ದಾಟಲು ವಾಸಿ, 5 ಗಿಗಾಹರ್ಟ್ಸ್ ಅದೇ ಕೋಣೆಯ ವೇಗಕ್ಕೆ ವಾಸಿ. ಕರೆಂಟ್ ಹೋದರೆ ರೌಟರ್ ಸಾಯುತ್ತದೆ, ಆದ್ದರಿಂದ ಅದಕ್ಕೊಂದು ಸಣ್ಣ ಬ್ಯಾಟರಿ ಬೇಕೇಬೇಕು. ಮಾರುಕಟ್ಟೆಯಲ್ಲಿ ಸಿಗುವ 'ಬೂಸ್ಟರ್' ತರಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಮೇಲಾಗಿ ಅದು ಅರಚಿ ಇಡೀ ಓಣಿಯ ಸಿಗ್ನಲ್ ಕೆಡಿಸುತ್ತದೆ.

ಸರಿಯಾದ ಮದ್ದು ಕಟ್ಟಡದೊಳಗೇ ಜಾಲ ಹಾಕುವುದು. ಕಾರಿಡಾರಿನ ಚಾವಣಿಯಲ್ಲಿ ತಟ್ಟೆಯಷ್ಟು ದೊಡ್ಡ ಸಣ್ಣಸಣ್ಣ ಆಂಟೆನಾಗಳು, ಅವಕ್ಕೆಲ್ಲ ಕೇಬಲ್, ಕೆಳಗೊಂದು ಕೋಣೆಯಲ್ಲಿ ಯಂತ್ರ. ಎಲ್ಲ ಕಂಪನಿಗಳೂ ಅದೇ ಆಂಟೆನಾ ಹಂಚಿಕೊಳ್ಳಬಹುದು. ಕಟ್ಟುವಾಗಲೇ ಪೈಪು ಬಿಟ್ಟರೆ ಖರ್ಚು ಅಲ್ಪ. ಫಾಲ್ಸ್ ಸೀಲಿಂಗ್ ಆಗಿ, ಮಾರ್ಬಲ್ ಹಾಸಿ, ಜನ ಒಳಗೆ ಬಂದ ಮೇಲೆ ಕೊರೆಯುವುದೆಂದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ನೆಲದಡಿಯ ಮೆಟ್ರೊ 3ನ್ನೇ ನೋಡಿ. ಆರೆಯಿಂದ ಕಫ್ ಪರೇಡಿನವರೆಗೆ 33.5 ಕಿಲೋಮೀಟರ್, 27 ನಿಲ್ದಾಣ. ಮೊದಲ ಹಂತ 2024ರ ಅಕ್ಟೋಬರಿನಲ್ಲಿ, ಕೊನೆಯದು 2025ರ ಅಕ್ಟೋಬರಿನಲ್ಲಿ ಶುರುವಾಯಿತು. ರೈಲು ಬಂತು, ಸುರಂಗದಲ್ಲಿ ಫೋನ್ ನಡೆಯಲಿಲ್ಲ. ಒಳಗಿನ ಜಾಲವನ್ನು ಯಾರು ಹಾಕಬೇಕು, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಬಗ್ಗೆ ಮೆಟ್ರೊ ನಿಗಮಕ್ಕೂ ಮೊಬೈಲ್ ಕಂಪನಿಗಳ ಒಕ್ಕೂಟಕ್ಕೂ ಬಹಿರಂಗವಾಗಿಯೇ ತಕರಾರಾಯಿತು. ಅಲ್ಲಿ ತರಂಗದ ಶಾಸ್ತ್ರ ಯಾರಿಗೂ ಅಡ್ಡಿಯಾಗಿರಲಿಲ್ಲ. ಕರಾರು ಅಡ್ಡಿಯಾಗಿತ್ತು.

ನಮ್ಮ ಸೊಸೈಟಿಗಳಲ್ಲಿ ಕರಾರಿಗಿಂತ ಮೊದಲು ಅಡ್ಡ ಬರುವುದು ಭಯ. ನಮ್ಮ ಸೊಸೈಟಿಯ ರೀಡೆವಲಪ್‌ಮೆಂಟ್ ಸಭೆಯಲ್ಲಿ ಒಳಗಿನ ಆಂಟೆನಾದ ಮಾತು ಎತ್ತಿದ ಕೂಡಲೇ ಹಿಂದಿನ ಸಾಲಿನಿಂದ "ರೇಡಿಯೇಶನ್!" ಎಂಬ ಕೂಗು ಬಂತು. ಆ ಭಯವನ್ನು ನಾನು ಹಾಸ್ಯ ಮಾಡುವುದಿಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿರುವವರು ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರವೂ ಇದೆ. ಟವರುಗಳ ವಿಕಿರಣಕ್ಕೆ ನಮ್ಮ ದೇಶದ ಮಿತಿ, 2012ರ ಸೆಪ್ಟೆಂಬರಿನಿಂದ, ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ. ಇನ್ನು ನಮ್ಮ ತಲೆಗೆ ಅತಿ ಹತ್ತಿರದ ಆಂಟೆನಾ ಯಾವುದು? ಕಿವಿಗೆ ಒತ್ತಿಕೊಂಡ ಫೋನು. 4ಜಿ ಫೋನ್ ಗರಿಷ್ಠ 200 ಮಿಲಿವ್ಯಾಟಿನಷ್ಟು ಶಕ್ತಿ ಹೊರಬಿಡಬಲ್ಲದು. ಸಿಗ್ನಲ್ ಚೆನ್ನಾಗಿದ್ದರೆ ಅದು ತಾನಾಗಿಯೇ ದನಿ ತಗ್ಗಿಸಿ ಅದರ ನೂರರ, ಸಾವಿರದ ಪಾಲಿಗೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಪೂರ್ತಿ ಗಂಟಲಿನಲ್ಲಿ ಕಿರುಚುತ್ತದೆ. ಬ್ಯಾಟರಿ ಬೇಗ ಮುಗಿಯುವುದೂ ಅದಕ್ಕೇ. ಚಾವಣಿಯ ಆಂಟೆನಾಕ್ಕೆ ಹೆದರಿ ಅದನ್ನು ಓಡಿಸಿದ ಮನೆಯವರು, ಕಿವಿಯಲ್ಲಿರುವ ಆಂಟೆನಾದ ಗಂಟಲನ್ನು ತಾವೇ ಜೋರು ಮಾಡಿಕೊಂಡಂತೆ.

ಇಷ್ಟು ಹೇಳಿದ ಮೇಲೂ ಎಲ್ಲರೂ ಒಪ್ಪಿದರು ಎಂದಲ್ಲ. ಒಬ್ಬರು, "ನಿಮ್ಮ ಧಂಧಾ ಇದೇ ಅಲ್ವಾ?" ಎಂದರು. ನ್ಯಾಯವಾದ ಮಾತು. ಅದಕ್ಕೇ ನಾನು ಹೇಳಿದ್ದು ಇಷ್ಟೆ: ಆಂಟೆನಾ ಈಗಲೇ ಹಾಕಿಸಬೇಡಿ, ಬೇಕಾದರೆ ಎಂದಿಗೂ ಹಾಕಿಸಬೇಡಿ, ಜಾಗ ಮಾತ್ರ ಬಿಡಿಸಿ. ಅದಕ್ಕೆ ಕೈಗಳು ಎದ್ದವು.

ಕಾನೂನೂ ಈಗ ನಿಧಾನವಾಗಿ ಈ ಕಡೆ ತಿರುಗಿದೆ. ಟ್ರಾಯ್ 2024ರ ಅಕ್ಟೋಬರ್ 25ರಂದು, ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ನಕ್ಷತ್ರ ಕೊಡುವ ನಿಯಮಾವಳಿಯನ್ನು ಹೊರಡಿಸಿತು. ನೀರು, ಲಿಫ್ಟು, ಪಾರ್ಕಿಂಗ್ ಕೇಳುವ ಹಾಗೆ, "ನಿಮ್ಮ ಕಟ್ಟಡಕ್ಕೆ ಎಷ್ಟು ನಕ್ಷತ್ರ?" ಎಂದು ಇನ್ನು ಬಿಲ್ಡರನ್ನು ಕೇಳಬಹುದು. ಯಾರೂ ಕೇಳದಿದ್ದರೆ ಅವನೂ ಹೇಳುವುದಿಲ್ಲ.

ಕರಾರಿಗೆ ಸಹಿ ಹಾಕುವವರು ಬರೆದಿಟ್ಟುಕೊಳ್ಳಿ. ಪ್ರತಿ ಮಹಡಿಯ ಕಾರಿಡಾರಿನವರೆಗೆ ಕೇಬಲಿಗೆಂದೇ ಖಾಲಿ ಪೈಪು. ನೆಲಮಾಳಿಗೆಯಲ್ಲೋ ಟೆರೇಸಿನಲ್ಲೋ ಯಂತ್ರಕ್ಕೊಂದು ಬೀಗದ ಕೋಣೆ, ಅದಕ್ಕೆ ಜನರೇಟರಿನ ಕರೆಂಟು. ಲಿಫ್ಟ್ ಗುಂಡಿಯಲ್ಲೂ ಕೆಳಗಿನ ಪಾರ್ಕಿಂಗಿನಲ್ಲೂ ಆಂಟೆನಾಕ್ಕೆ ಜಾಗ. ಒಂದೇ ಕಂಪನಿಗೆ ಏಕಸ್ವಾಮ್ಯ ಕೊಡುವುದಿಲ್ಲ ಎಂಬ ಒಂದು ಸಾಲು. ಒಳಗೋಡೆ ಯಾವುದರದು, ಕಿಟಕಿಯ ಗಾಜು ಯಾವ ಜಾತಿಯದು ಎಂಬುದರ ಲಿಖಿತ ವಿವರ. ಕೀಲಿಕೈ ತೆಗೆದುಕೊಳ್ಳುವ ದಿನ ಪ್ರತಿ ಮನೆಯ ಬಚ್ಚಲಿನಲ್ಲಿ ಫೋನ್ ಹಿಡಿದು ಅಳತೆ. ವಕೀಲರು ಇದನ್ನು ನೋಡಿ ಮುಖ ಕಿವುಚಬಹುದು. ಕಿವುಚಲಿ, ಆದರೆ ಸೇರಿಸಲಿ. ನಿಮ್ಮ ಸೊಸೈಟಿಯ ಕರಾರು ಈಗ ಯಾವ ಹಂತದಲ್ಲಿದೆ, ಈ ಸಾಲುಗಳಿಗೆ ಬಿಲ್ಡರ್ ಏನೆಂದ ಎಂದು ಪತ್ರಿಕೆಗೆ ಬರೆದು ತಿಳಿಸಿ. ಮೊದಲ ಸ್ಲ್ಯಾಬ್ ಬೀಳುವ ಮೊದಲು ಬರೆದರೆ ನನ್ನಿಂದ ಏನಾದರೂ ಹೇಳಲು ಸಾಧ್ಯ.